ಎಣ್ಣೆ ಬಟ್ಟೆಯ ಹೆದರಿಕೆ

ಊಟಕ್ಕೆ ಮನೆಗೆ ಬಂದು ನಲ್ಲಿಯ ಕೆಳಗೆ ಕೈ ಉಜ್ಜುತ್ತಿದ್ದ ಹಲಗೆಯಣ್ಣ ತಟ್ಟನೆ ಉಜ್ಜುವುದು ನಿಲ್ಲಿಸಿದ. ಎಣ್ಣೆ ಒರೆಸಿದ ಬಟ್ಟೆಗಳನ್ನು ಎಲ್ಲಿಟ್ಟೆ?

ಅವನ ನಿಜವಾದ ಹೆಸರು ಮಗಳಿಗೆ, ಬ್ಯಾಂಕಿನವರಿಗೆ ಬಿಟ್ಟರೆ ಯಾರಿಗೂ ನೆನಪಿಲ್ಲ. ಉಳಿದವರಿಗೆಲ್ಲ ಅವನು ಹಲಗೆಯಣ್ಣ. ಮನೆಯ ಹಿಂದೆ ಬಯಲಿಗೆ ಚಾಚಿಕೊಂಡ ಮರದ ಜಗಲಿ, ಡೆಕ್ ಎನ್ನುತ್ತಾರಲ್ಲ, ಅದನ್ನು ತೊಳೆದು, ಒಣಗಿಸಿ, ಎಣ್ಣೆ ಕುಡಿಸಿ, ಮಳೆ ಬಿಸಿಲಿಗೆ ಜಗ್ಗದ ಹಾಗೆ ಮಾಡಿಕೊಡುವುದು ಮೂವತ್ತೊಂದು ವರ್ಷದಿಂದ ಅವನ ಕಸುಬು. ಕೆಲಸದಲ್ಲಿ ಮಹಾ ಕಿರಿಕಿರಿಯ ಮನುಷ್ಯ. ಕರೆದವರ ಮನೆಗೆ ಹೋದರೆ ಮೊದಲು ಹಲಗೆಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ಮಂಡಿಯೂರಿ ಕೂರುತ್ತಾನೆ. ಹನಿ ಗುಂಡಗೆ ನಿಂತರೆ ಹಳೆಯ ಎಣ್ಣೆ ಇನ್ನೂ ಇದೆ ಎಂದರ್ಥ. "ಮುಂದಿನ ವರ್ಷ ಕರೀರಿ" ಎಂದು ಬಂದ ದಾರಿ ಹಿಡಿಯುತ್ತಾನೆ. ಮರ ನೀರನ್ನು ಹೀರಿಕೊಂಡರೆ ಮಾತ್ರ ಬ್ರಷ್ಷು ಹೊರಗೆ ಬರುತ್ತದೆ.

ಇಷ್ಟಕ್ಕೆಲ್ಲ ಆಳು ಯಾಕೆ, ನಾವೇ ಮಾಡಿಕೊಳ್ಳುತ್ತೇವೆ ಎನ್ನುವವರಿಗೆ ಅವನದೊಂದು ಭಾಷಣವಿದೆ. ಬೀದಿಯವರಿಗೆಲ್ಲ ಅದು ಬಾಯಿಪಾಠ.

"ಮಾಡ್ಕೊಳ್ಳಿ ಸಾರ್, ಬ್ರಷ್ ಹಿಡಿಯೋದು ಏನು ಮಹಾ. ಆದ್ರೆ ನಿಮಗೆ ಹೆದರೋಕೆ ಬರಲ್ಲ. ಈ ಅಗಸೆ ಎಣ್ಣೆ ಒರೆಸಿದ ಬಟ್ಟೇನ ಮುದ್ದೆ ಮಾಡಿ ಮೂಲೆಗೆ ಎಸೆದ್ರೆ, ಯಾರೂ ಕಡ್ಡಿ ಗೀರೋದು ಬೇಡ, ತನ್ನಷ್ಟಕ್ಕೆ ತಾನೇ ಕಾದು ಹತ್ಕೊಳ್ಳುತ್ತೆ. ನೀವು ಕೂಲಿ ಕೊಡೋದು ನನ್ನ ಕೈಗಲ್ಲ, ನನ್ನ ಹೆದರಿಕೆಗೆ."

ಅದಕ್ಕೇ ಅವನ ವ್ಯಾನಿನಲ್ಲಿ ಮುಚ್ಚಳದ ತಗಡಿನ ಡಬ್ಬವೊಂದು ಇರುತ್ತದೆ, ಅದರಲ್ಲಿ ಅರ್ಧದಷ್ಟು ನೀರು. ಒರೆಸಿದ ಪ್ರತಿಯೊಂದು ಬಟ್ಟೆಯೂ ಅದರಲ್ಲಿ ಮುಳುಗಬೇಕು, ಮುಚ್ಚಳ ಬೀಳಬೇಕು. ಅಲ್ಲಿಯವರೆಗೆ ಅವನು ಚಪ್ಪಲಿ ಮೆಟ್ಟುವುದಿಲ್ಲ.

ಈಗ ಸೋಪಿನ ಕೈಯಲ್ಲೇ ವ್ಯಾನಿಗೆ ಓಡಿ ಹೋಗಿ ಡಬ್ಬದ ಮುಚ್ಚಳ ತೆಗೆದ. ಒಳಗೆ ತಿಳಿ ನೀರು, ಅದರಲ್ಲಿ ಅವನದೇ ಮುಖ.

ಬೆಳಿಗ್ಗೆ ನರ್ಸಮ್ಮನ ಮನೆಯ ಕೆಲಸ. ಆಸ್ಪತ್ರೆಯಿಂದ ನಿವೃತ್ತಿಯಾಗಿ ಒಬ್ಬರೇ ಇರುವ ಹೆಂಗಸು, ಎರಡೂ ಮಂಡಿ ಸವೆದಿವೆ, ಊಟವಾದ ಮೇಲೆ ಎರಡು ಗಂಟೆ ಮಲಗುತ್ತಾರೆ. ಮಲಗುವ ಕೋಣೆಯ ಕಿಟಕಿ ಜಗಲಿಗೇ ತೆರೆದುಕೊಳ್ಳುತ್ತದೆ. ಕೊನೆಯ ಹಲಗೆ ಒರೆಸಿದ್ದು ಅವನಿಗೆ ನೆನಪಿದೆ. ಅವರ ಬೆಕ್ಕು ಹಸಿ ಎಣ್ಣೆಯ ಮೇಲೆ ಕಾಲಿಟ್ಟಿದ್ದು, ತಾನು ಹುಶ್ ಎಂದು ಅಟ್ಟಿದ್ದು ನೆನಪಿದೆ. ಅಲ್ಲಿಂದ ಈ ನಲ್ಲಿಯ ತನಕ ಏನೂ ಇಲ್ಲ. ಎಷ್ಟು ತಡಕಾಡಿದರೂ ಖಾಲಿ.

ಫೋನ್ ಮಾಡಿದ. ಲೈನು ಬಿಜಿ. ಮತ್ತೆ ಮಾಡಿದ, ಬಿಜಿ. ಮಲಗಿರಬೇಕಾದ ಹೊತ್ತಿನಲ್ಲಿ ಈ ಮಹಾತಾಯಿ ಯಾರ ಜೊತೆ ಹರಟುತ್ತಿದ್ದಾರೆ? ಅಥವಾ ಹೊಗೆ ಕಂಡು ಯಾರನ್ನಾದರೂ ಕೂಗುತ್ತಿದ್ದಾರೋ? ತಟ್ಟೆಯಲ್ಲಿ ಬಡಿಸಿದ್ದು ಹಾಗೇ ಬಿಟ್ಟು ವ್ಯಾನು ಹತ್ತಿದ.

ಆತುರದಲ್ಲಿದ್ದವನಿಗೆ ಊರಿನ ಸಿಗ್ನಲ್ಲುಗಳೆಲ್ಲ ಒಂದಾಗಿ ಕೆಂಪು ತೋರಿಸಿದವು. ಒಂದು ಲಾರಿ ರಸ್ತೆಗಡ್ಡ ನಿಂತು ನಿಧಾನಕ್ಕೆ ಹಿಂದೆ ಮುಂದೆ ಆಡುತ್ತಿತ್ತು. ಬಟ್ಟೆ ಕಾಯುವುದಕ್ಕೆ ಎಷ್ಟು ಹೊತ್ತು ಬೇಕು? ಎರಡು ಗಂಟೆ, ಮೂರು, ಒಮ್ಮೊಮ್ಮೆ ಸಂಜೆಯವರೆಗೆ. ಜನರನ್ನು ಹೆದರಿಸಲು ಇಷ್ಟು ವರ್ಷ ಹೇಳಿದ್ದ ಲೆಕ್ಕವೇ ಈಗ ಅವನ ಕತ್ತು ಹಿಡಿದಿತ್ತು. ನರ್ಸಮ್ಮನ ಬೀದಿಗೆ ತಿರುಗಿದವನೇ ಮನೆಗಳ ಮೇಲೆ ಹೊಗೆ ಕಂಡು ಬ್ರೇಕ್ ಒತ್ತಿಬಿಟ್ಟ. ನೋಡಿದರೆ ಮೂಲೆ ಮನೆಯ ಪುಣ್ಯಾತ್ಮ ತರಗೆಲೆ ಸುಡುತ್ತಿದ್ದ. ಅವನನ್ನು ಮನಸ್ಸಿನಲ್ಲೇ ಏಳು ತಲೆಮಾರು ಬೈದು ಮುಂದೆ ಹೋದ.

ಪಕ್ಕದ ಓಣಿಯಿಂದ ಹಿತ್ತಿಲಿಗೆ ನುಗ್ಗಿದ. ಜಗಲಿ ಹೊಸ ಎಣ್ಣೆಯಲ್ಲಿ ಮಿರಿಮಿರಿ ಮಿಂಚುತ್ತಿತ್ತು. ಹಿಂಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನರ್ಸಮ್ಮ ಕೂತಿದ್ದರು. ಪಕ್ಕದಲ್ಲಿ ಬಕೆಟ್ಟು, ಅದರ ನೀರಿನಲ್ಲಿ ಅವನ ಐದೂ ಬಟ್ಟೆಗಳು.

"ಮೊದಲು ಕೂತ್ಕೊಳ್ಳಿ," ಅಂದರು. "ನಿಮ್ಮ ಮುಖ ನೋಡಿದ್ರೆ ನನಗೇ ಗಾಬರಿ ಆಗುತ್ತೆ."

"ನೀವೇ ಹಾಕಿದ್ರಾ ನರ್ಸಮ್ಮ?"

"ಇನ್ಯಾರು, ಬೆಕ್ಕು ಹಾಕ್ತಾ? ನನ್ನ ಕಿಟಕಿ ಕೆಳಗೇ ಗುಡ್ಡೆ ಹಾಕಿ ಹೋಗಿದ್ರಿ. ಕೈ ಇಟ್ಟು ನೋಡಿದೆ. ಜ್ವರ ಬಂದ ಮಗು ಹಣೆ ಹಾಗಿತ್ತು."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ. "ನೋಡ್ಬೇಕು ಅಂತ ನಿಮಗೆ ಹೇಗೆ ಹೊಳೀತು?"

"ನಿಮ್ಮ ಮಗಳು ಫೋನ್ ಮಾಡಿದ್ಲು. ನಾನು ಬಟ್ಟೆ ನೀರಿಗೆ ಹಾಕಿ ಬರೋವರೆಗೂ ಲೈನ್ ಬಿಡಲಿಲ್ಲ. ಅಪ್ಪಂಗೆ ಹೇಳ್ಬೇಡಿ ಅಂದ್ಲು. ಆದ್ರೆ ಕಾಯಿಲೆಯವರ ಹತ್ರ ಕಾಯಿಲೆ ಮುಚ್ಚಿಡೋದು ನನ್ನಿಂದ ಆಗಲ್ಲ. ಹೋದ ತಿಂಗಳು ಎದುರುಮನೆ ಟೈಲರ್‌ಗೂ ಮಾಡಿದ್ಲಂತೆ."

ಮಗಳು ಬಣ್ಣದ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಅವನಿಗೆ ಎಣ್ಣೆ ಅಳೆದು ಕೊಡುವವಳೂ ಅವಳೇ, ಇವತ್ತು ಯಾರ ಮನೆ ಅಪ್ಪ ಎಂದು ದಿನಾ ಕೇಳುವವಳೂ ಅವಳೇ. ಅಕ್ಕರೆಗೆ ಕೇಳುತ್ತಾಳೆ ಎಂದುಕೊಂಡಿದ್ದ.

ಅಂಗಡಿಗೆ ಹೋಗಿ, ಮುಂದಿದ್ದ ಗಿರಾಕಿ ಹೋಗುವ ತನಕ ಗಿರಾಕಿಯಂತೆಯೇ ನಿಂತ. ಅವನನ್ನು ಕಂಡದ್ದೇ ಅವಳಿಗೆ ಅರ್ಥವಾಯಿತು.

"ಯಾವಾಗಿಂದ?" ಎಂದು ಕೇಳಿದ.

"ಒಂದು ವರ್ಷ ಆಯ್ತಪ್ಪ. ವ್ಯಾನ್ ಸೀಟಿನ ಹಿಂದೆ ಒಂದಿನ ಬಟ್ಟೆ ಮುದ್ದೆ ಸಿಕ್ತು, ಬೆಚ್ಚಗಿತ್ತು. ಆವತ್ತಿಂದ ನೀನು ಕೆಲಸ ಮುಗಿಸಿದ ಮನೆಗೆಲ್ಲ ಫೋನ್ ಮಾಡಿ ಕೇಳ್ತೀನಿ. ಹೇಳಿದ್ರೆ ನೀನು ಕೆಲಸಾನೇ ಬಿಟ್ಟು ಮೂಲೆ ಹಿಡೀತೀಯ ಅಂತ..."

"ಎಷ್ಟು ಸಲ ಮರ್ತೆ?"

"ಇವತ್ತಿಂದು ಸೇರಿ ಮೂರು."

ಅವನು ಕೌಂಟರಿನ ಅಂಚು ಹಿಡಿದುಕೊಂಡ. ನಾಚಿಕೆಗಿಂತ ದೊಡ್ಡ ಭಯ ಅದು. ಮನೆ ಸುಡುವ ಭಯವಲ್ಲ, ತಾನೇ ಸ್ವಲ್ಪ ಸ್ವಲ್ಪವಾಗಿ ಕೈಬಿಟ್ಟು ಹೋಗುತ್ತಿರುವ ಭಯ. "ಇಷ್ಟು ವರ್ಷ ನಾನು ಮಾರಿದ್ದು ಹೆದರಿಕೆ ಕಣಮ್ಮ. ಈಗ ಹೆದರೋದೇ ಮರ್ತು ಹೋಗ್ತಿದೆ."

"ನಾಳೆ ಡಾಕ್ಟರ್ ಹತ್ರ ಹೋಗೋಣ, ರಜ ಕೇಳ್ತೀನಿ," ಅಂದಳು ಮಗಳು. ಅವನ ಕೈಗೆ ಅಂಟಿದ್ದ ಒಣಗಿದ ಸೋಪನ್ನು ಒರೆಸಿದಳು. "ನೀನು ಹಲಗೆ ನೋಡ್ಕೋ ಅಪ್ಪ. ಹೆದರೋಕೆ ನಾನಿದೀನಿ."

ಮುಂದಿನ ವಾರ ಹೊಸ ಮನೆಯೊಂದರಲ್ಲಿ ನಾಲ್ಕು ಹನಿ ಚಿಮುಕಿಸಿ, ಮರ ಹೀರಿದ್ದು ನೋಡಿ, ಹಲಗೆಯಣ್ಣ ಮಂಡಿ ಹಿಡಿದು ಎದ್ದ. ಮನೆಯ ಯಜಮಾನರು ಬೇರೆ ಏನಾದರೂ ಮುಂಚಿತವಾಗಿ ಹೇಳುವುದಿದೆಯೇ ಎಂದು ಕೇಳಿದರು. ಹಳೆಯ ಭಾಷಣ ಬಾಯಿಯ ತನಕ ಬಂತು. ಅದನ್ನು ನುಂಗಿಕೊಂಡ.

"ಒಂದೇ ಮಾತು ಸಾರ್. ನಾನು ಹೋದ ಮೇಲೆ ಒಂದು ಫೋನ್ ಬರುತ್ತೆ, ಎತ್ತಿ. ಎಣ್ಣೆ ಬಟ್ಟೆ ಎಲ್ಲಿದೆ ಅಂತ ನನ್ನ ಮಗಳು ಕೇಳ್ತಾಳೆ, ಎದ್ದು ಹೋಗಿ ನೋಡಿ ಹೇಳಿ. ನೀವು ಕೂಲಿ ಕೊಡ್ತಿರೋದು ಅದಕ್ಕೇ."