ಕೈಗಡ ಕೊಡದ ಬಾಪುಸಾಹೇಬರು

ಬೋರಗಾಂವದಲ್ಲಿ ಬಾಪುಸಾಹೇಬ ಮಗದುಮ್ಮರ ಮನೆಗೆ ಸಾಲ ಕೇಳಲು ಹೋದವನು ಬರಿಗೈಯಲ್ಲಿ ಬರುತ್ತಿದ್ದ, ಆದರೆ ಬರಿಹೊಟ್ಟೆಯಲ್ಲಿ ಬರುತ್ತಿರಲಿಲ್ಲ. “ರೊಕ್ಕದ ಮಾತೊಂದ ಬಿಟ್ಟು ಬ್ಯಾರೆ ಏನರ ಕೇಳಪಾ. ಕುಂದ್ರು, ಚಾ ಕುಡದ ಹೋಗು” ಎನ್ನುತ್ತಿದ್ದರು. ಬೈಗುಳವಿಲ್ಲ, ಉಪದೇಶವಿಲ್ಲ. ಏಲಕ್ಕಿ ಜಜ್ಜಿ ಹಾಕಿದ ಚಹಾ ಬರುತ್ತಿತ್ತು, ಕುಡಿದು ಎದ್ದು ಬರಬೇಕು. ಜೈನರ ಮನೆಯಾದ್ದರಿಂದ ಹೊತ್ತು ಮುಳುಗಿದ ಮೇಲೆ ಒಲೆ ಹೊತ್ತುತ್ತಿರಲಿಲ್ಲ. ಹಾಗಾಗಿ ಕತ್ತಲಾದ ಮೇಲೆ ಹೋದವನಿಗೆ ಅದೂ ಇಲ್ಲ. ಊರಿನಲ್ಲಿ ಇದೊಂದು ಗಾದೆಯೇ ಆಗಿಹೋಗಿತ್ತು. ಯಾರಿಗಾದರೂ ಸೊಸೈಟಿಯಲ್ಲಿ ಸಾಲ ಸಿಗದಿದ್ದರೆ, ಹೆಣ್ಣು ಕೇಳಲು ಹೋದಲ್ಲಿ ಒಲ್ಲೆವೆಂದರೆ, “ಏನಲೇ, ಮಗದುಮ್ಮರ ಚಾ ಕುಡದ ಬಂದಿ ಏನ?” ಎಂದು ಕಟ್ಟೆಯ ಮೇಲೆ ಕೂತವರು ಚೇಷ್ಟೆ ಮಾಡುತ್ತಿದ್ದರು.

ಅವರನ್ನು ಜಿಪುಣ ಎಂದರೆ ತಪ್ಪಾದೀತು. ಅವರ ಅಪ್ಪ ಕೈಗಡ ಕೊಟ್ಟು ಕೊಟ್ಟು ಕೆಟ್ಟವರು. ಕೈಗಡ ಅಂದರೆ ಗೊತ್ತಲ್ಲ, ಬಡ್ಡಿಯಿಲ್ಲ, ಕಾಗದವಿಲ್ಲ, ಸಾಕ್ಷಿಯಿಲ್ಲ. ಮುಖ ನೋಡಿ ಕೊಡುವುದು, ಮುಖ ಉಳಿಸಿಕೊಳ್ಳಲು ತಿರುಗಿ ಕೊಡುವುದು. ಅಪ್ಪ ಅರ್ಧ ಊರಿನ ಮುಖ ನೋಡಿದರು. ಅವರು ಹಾಸಿಗೆ ಹಿಡಿದಾಗ ಅರ್ಧ ಊರು ಮುಖ ತಿರುಗಿಸಿತು. ಅದನ್ನು ಕಂಡು ಬೆಳೆದ ಮಗ ಬಸದಿಯಲ್ಲಿ ಯಾವ ವ್ರತ ಹಿಡಿದನೋ ಬಿಟ್ಟನೋ, ಇದೊಂದನ್ನು ಮಾತ್ರ ಗಟ್ಟಿಯಾಗಿ ಹಿಡಿದ.

ಅಂಥ ಮನುಷ್ಯ ಅರವತ್ತರ ಹೊಸ್ತಿಲಲ್ಲಿ ಸಾಲ ಕೊಡುವ ದಂಧೆಗೆ ಬಿದ್ದದ್ದು ಹೇಗೆ ಅಂತೀರಿ? ಕರೆಂಟು ಬಿಲ್ಲಿನ ಕಾಟಕ್ಕೆ ಎಂಟು ಪವರ್‌ಲೂಮುಗಳನ್ನು ಮಾರಿ ಬಂದ ಹಣ ಬ್ಯಾಂಕಿನಲ್ಲಿ ತೂಕಡಿಸುತ್ತಿತ್ತು. ನಿಪ್ಪಾಣಿಯಲ್ಲಿ ಮೊಬೈಲ್ ಅಂಗಡಿ ಇಟ್ಟ ಅಕ್ಕನ ಮಗ ಸುಹಾಸ ಬಂದು ಒಂದು ಆ್ಯಪ್ ಹಾಕಿಕೊಟ್ಟ. ನಿಮ್ಮ ಹಣವನ್ನು ಐದುನೂರು, ಸಾವಿರದ ತುಣುಕು ಮಾಡಿ ಅದು ಬೇರೆ ಬೇರೆಯವರಿಗೆ ಸಾಲ ಕೊಡುತ್ತದೆ. ಒಬ್ಬನ ಸಾಲಕ್ಕೆ ನಿಮ್ಮಂಥ ಹತ್ತಾರು ಜನರ ತುಣುಕು ಕೂಡುತ್ತವೆ. ಸಾಲ ಕೇಳುವವನ ಹೆಸರಿನ ಮೊದಲಕ್ಷರ, ತಾಲೂಕು, ಉದ್ಯೋಗ, ಸಾಲದೊಂದು ನಂಬರು ಬಿಟ್ಟರೆ ಬೇರೇನೂ ಕಾಣುವುದಿಲ್ಲ.

“ಇದು ಕೈಗಡ ಅಲ್ಲ ಮಾಮಾ, ಇನ್ವೆಸ್ಟ್‌ಮೆಂಟ್” ಎಂದ ಸುಹಾಸ.

ಆ ಸುಡುಗಾಡು ಶಬ್ದಕ್ಕೆ ಅದೇನು ಮಂತ್ರಶಕ್ತಿಯೋ, ಬಾಪುಸಾಹೇಬರ ವ್ರತ ಮುರಿಯದೆಯೇ ಮುರಿಯಿತು. ಮೊದಲು ಒಂದು ಲಕ್ಷ ಹಾಕಿದರು. ದಿನಾ ಟಿಂಗ್ ಎಂದು ಬಡ್ಡಿ ಬೀಳುವುದನ್ನು ಕೇಳಿ ಕಿವಿ ರುಚಿಗೊಂಡಿತು, ಉಳಿದದ್ದನ್ನೂ ಹಾಕಿದರು. ಹೆಂಡತಿ ತ್ರಿಶಲಾ ಮಾತ್ರ ಹಣ ಬ್ಯಾಂಕಿನಲ್ಲಿಯೇ ಇದೆ ಎಂದು ತಿಳಿದಿದ್ದಳು. ಇವರೂ ಹಾಗೆಯೇ ತಿಳಿಯಲು ಬಿಟ್ಟಿದ್ದರು. ಆ್ಯಪಿನಲ್ಲಿ ದಿಲ್ಲಿ, ಹೈದರಾಬಾದಿನವರು ಬಂದರೆ ಮುಂದಕ್ಕೆ ತಳ್ಳುತ್ತಿದ್ದರು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ನಿಪ್ಪಾಣಿ ಎಂದು ಕಂಡರೆ ಸಾಕು, ಹಣ ಹಾಕುತ್ತಿದ್ದರು. “ನಮ್ಮ ಕಡೆ ಮಂದಿ ರೊಕ್ಕ ಮುಳಗಸೂದಿಲ್ಲೋ ಸುಹಾಸ, ಮಾನಕ್ಕ ಅಂಜತಾರ” ಎನ್ನುತ್ತಿದ್ದರು. ಎಂಥ ಮಜಾ ನೋಡಿ! ನಮ್ಮ ಕಡೆಯವನು ಎದುರಿಗೆ ಬಂದು ಕೂತರೆ ಚಹಾ, ಮುಖ ತೋರಿಸದೆ ಫೋನಿನಲ್ಲಿ ಬಂದರೆ ರೊಕ್ಕ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ.

ಹೀಗಿರುವಾಗ ದೀಪಾವಳಿಯ ಮುಂದೆ ಗುರಪ್ಪ ಬಂದ. ಈತ ಹರೆಯದಿಂದ ತಲೆ ನರೆಯುವತನಕ ಬಾಪುಸಾಹೇಬರ ಮಗ್ಗ ನಡೆಸಿದವನು. ಅವರು ಮಗ್ಗ ಮಾರಿದಾಗ ಎರಡನ್ನು ತಾನೇ ಕೊಂಡಿದ್ದ, ಹೇಳಿದ ದಿನಕ್ಕೆ ಹಣ ಎಣಿಸಿದ್ದ. ಮನೆಯ ಹಿಂದೆ ತಗಡಿನ ಪತ್ರಾ ಶೆಡ್ಡು ಹಾಕಿ ಮಜೂರಿಯ ಮೇಲೆ ನೇಯುತ್ತಿದ್ದ: ವ್ಯಾಪಾರಿ ನೂಲು ಸುತ್ತಿದ ಬೀಮು ಕೊಡುವುದು, ಇವನು ಅರಿವೆ ನೇಯ್ದು ಕೊಡುವುದು.

“ಮೋಟಾರ ಸುಟ್ಟೈತ್ರಿ ಅಣ್ಣಾರ. ಒಂದ ಇಪ್ಪತ್ತೈದ ಸಾವಿರ ಆಗಿದ್ರ... ಯುಗಾದಿ ಒಳಗ ತಿರಗಿ ಕೊಡತೇನ್ರಿ.”

ಬಾಪುಸಾಹೇಬರ ಕಿಸೆಯಲ್ಲಿ ಅದೇ ಹೊತ್ತಿಗೆ ಫೋನು ಟಿಂಗ್ ಎಂದಿತು. ಅವರು ಅದರ ಮೇಲೆ ಕೈಯಿಟ್ಟುಕೊಂಡೇ ಹೇಳಿದರು. “ರೊಕ್ಕದ ಮಾತೊಂದ ಬಿಟ್ಟು ಬ್ಯಾರೆ ಏನರ ಕೇಳಪಾ ಗುರಪ್ಪ. ಕುಂದ್ರು, ಚಾ ಕುಡದ ಹೋಗು.”

ಗುರಪ್ಪ ಕೂತ, ಕುಡಿದ. “ಚಾ ಚಲೋ ಆಗೇತ್ರಿ ವೈನಿ” ಎಂದು ತ್ರಿಶಲಾಗೆ ಹೇಳಿ ಹೊರಟುಹೋದ.

ಅದಾದ ವಾರದೊಳಗೆ ಆ್ಯಪಿನಲ್ಲಿ ಒಂದು ಸಾಲ ಕಾಣಿಸಿತು: ಜಿ, ನಿಪ್ಪಾಣಿ ತಾಲೂಕು, ಪವರ್‌ಲೂಮ್ ನೇಕಾರ. ಬಾಪುಸಾಹೇಬರು ಸಾವಿರ ರೂಪಾಯಿ ಹಾಕಿದರು. ಈ ತಾಲೂಕಿನಲ್ಲಿ ನೇಕಾರರು ಸಾವಿರಾರು, ಜಿ ಎಂಬ ಅಕ್ಷರದವರು ನೂರಾರು. ಅವರಿಗೆ ಆವಾಗ ಹೊಳೆಯಲಿಲ್ಲವೋ, ಹೊಳೆದದ್ದನ್ನು ಅತ್ತ ಸರಿಸಿದರೋ, ಅದು ಅವರಿಗೂ ನೆಟ್ಟಗೆ ಗೊತ್ತಿಲ್ಲ.

ಬೇಸಿಗೆ ಮುಗಿಯುವುದರೊಳಗೆ ಟಿಂಗ್ ಸಪ್ಪಳ ಕಡಿಮೆಯಾಯಿತು. ಮೊದಲು ಕಂತು ತಪ್ಪಿ ರಾಯಬಾಗದ ಕಿರಾಣಿ ಅಂಗಡಿಯವನ ಸಾಲ ಆ್ಯಪಿನಲ್ಲಿ ಕೆಂಪಾಯಿತು, ಆಮೇಲೆ ಚಿಕ್ಕೋಡಿಯ ಹಾಲಿನ ಡೇರಿಯವನದು, ಅಥಣಿಯ ಟೆಂಪೋದವನದು. ಮಾನಕ್ಕೆ ಅಂಜುವ ನಮ್ಮ ಕಡೆ ಮಂದಿ ಸಾಲಾಗಿ ಕೆಂಪಾದರು. ಬಾಪುಸಾಹೇಬರು ಬಚ್ಚಲಮನೆಯಲ್ಲಿ ನೀರು ಬಿಟ್ಟುಕೊಂಡು ಫೋನು ನೋಡತೊಡಗಿದರು. “ಇಷ್ಟೊತ್ತು ಏನ್ ತೊಳಿತೀರಿ?” ಎಂದು ತ್ರಿಶಲಾ ಕೂಗಿದರೆ ಏನೆನ್ನಬೇಕು? ಕೈ ತೊಳೆದುಕೊಂಡದ್ದೇ ತೊಳೆದುಕೊಂಡದ್ದು.

“ರಿಸ್ಕ್ ಇರತೈತಿ ಅಂತ ಅದರಾಗ ಬರದಿತ್ತಲ್ಲ ಮಾಮಾ” ಎಂದು ಸುಹಾಸ ಜಾರಿಕೊಂಡ.

ಒಂದು ದಿನ ಆ್ಯಪು ಕೇಳಿತು: ಬಾಕಿದಾರರ ಮೇಲೆ ಬಿಗಿ ವಸೂಲಿಗೆ ನಿಮ್ಮ ಒಪ್ಪಿಗೆ ಇದೆಯೇ? ಬಾಪುಸಾಹೇಬರಿಗೆ ಸಿಟ್ಟು ನೆತ್ತಿಗೇರಿತ್ತು. ಕೆಂಪಾದ ಪ್ರತಿಯೊಂದು ಸಾಲದ ಮುಂದೆಯೂ ಹೂಂ ಎಂದು ಒತ್ತಿದರು. ಅಪ್ಪನ ಕೈಗಡ ನುಂಗಿ ನೀರು ಕುಡಿದವರ ಮೇಲಿನ ಹಳೆಯ ಸಿಟ್ಟೂ ಆ ಬೆರಳಿನಲ್ಲಿತ್ತು. ಹಾಗೆ ಕೆಂಪಾದವರಲ್ಲಿ ನೇಕಾರ ಜಿ ಕೂಡ ಇದ್ದ.

ಗಣಪತಿ ಹಬ್ಬದ ಆಸುಪಾಸಿನಲ್ಲಿ, ಮಧ್ಯಾಹ್ನ ಊಟ ಮಾಡಿ ಅಡ್ಡಾದಾಗ ಫೋನು ಬಂತು. ಹೆಣ್ಣುದನಿ, ಬೆಂಗಳೂರು ಕಡೆಯ ಕನ್ನಡ.

“ಬಾಪುಸಾಹೇಬ್ ಸರ್ ಅಲ್ವಾ? ಬೋರಗಾಂವದ ಗುರಪ್ಪ ಅನ್ನೋರು ಸಾಲ ತಗೊಳ್ಳುವಾಗ ಪರಿಚಯದವರು ಅಂತ ನಿಮ್ಮ ಹೆಸರು ಕೊಟ್ಟಿದ್ದಾರೆ. ಫೋನ್ ಎತ್ತುತ್ತಿಲ್ಲ. ಅವರು ಎಂಥ ಮನುಷ್ಯ ಸರ್?”

ಬಾಪುಸಾಹೇಬರು ಎದ್ದು ಕೂತರು. “ಯಾವ ಸಾಲರಿ?” ಎಂದರು. ಆಕೆ ಆ್ಯಪಿನ ಹೆಸರು ಹೇಳಿದಳು, ಸಾಲದ ನಂಬರು ಓದಿದಳು. ಕೆಂಪು ನಂಬರುಗಳೆಲ್ಲ ಅವರಿಗೆ ಣಮೋಕಾರ ಮಂತ್ರದಷ್ಟೇ ಬಾಯಿಪಾಠವಾಗಿದ್ದವು. ಇದು ಅದೇ ನೇಕಾರ ಜಿಯ ನಂಬರು. ಮನೆ ಬಾಗಿಲಿಗೆ ಬಂದು ಕೇಳಿದಾಗ ಬಡ್ಡಿಯಿಲ್ಲದೆ ಕೊಡಲಾರದ್ದನ್ನು, ಬೆನ್ನ ಹಿಂದಿನಿಂದ ನೂರಕ್ಕೆ ಮೂವತ್ತರ ಬಡ್ಡಿಗೆ ಕೊಟ್ಟಿದ್ದರು. ಈಗ ಅದನ್ನೇ ಕಿತ್ತುಕೊಂಡು ಬನ್ನಿ ಎಂದೂ ಅವರೇ ಒತ್ತಿದ್ದರು.

“ಸರ್, ಹೇಳಿ. ನಿಮಗೆ ಪರಿಚಯನಾ?”

ಒಳ್ಳೆಯವನು, ನಾಲ್ಕು ದಿನ ತಡೀರಿ ಎಂದು ಒಂದು ಮಾತು ಹೇಳಿದ್ದರೆ ಗಂಟೇನು ಹೋಗುತ್ತಿತ್ತು? ಆದರೆ ಗುರ್ತಿನವ ಎಂದರೆ ಹೊಣೆ ತಮ್ಮ ಕೊರಳಿಗೆ ಬಂದೀತು, ಮಾತಿಗೆ ಮಾತು ಬೆಳೆದು ಆ್ಯಪಿನ ಸಂಗತಿ ಪಕ್ಕದಲ್ಲೇ ಬಟಾಣಿ ಸುಲಿಯುತ್ತಿದ್ದ ತ್ರಿಶಲಾಳ ಕಿವಿಗೆ ಬಿದ್ದೀತು.

“ಇಲ್ರಿ. ಅಂವನ ಗುರ್ತಿಲ್ಲ ನನಗ” ಎಂದರು.

ಮಾರನೆಯ ದಿನ ಮೋಟಾರ್‌ಸೈಕಲ್ ಮೇಲೆ ಇಬ್ಬರು ಬಂದು ಗುರಪ್ಪನ ಶೆಡ್ಡಿನ ಮುಂದೆ ನಿಂತು ಓಣಿಗೆಲ್ಲ ಕೇಳುವಂತೆ ಒದರಿ ಹೋದರು. ಬಾಕಿ ಮಾತು ಹಾಳಾಗಲಿ, ಊರ ದೊಡ್ಡ ಮನುಷ್ಯರ ಹೆಸರನ್ನು ಸುಳ್ಳೇ ಬರೆದು ಸಾಲ ಎತ್ತಿದ ಖೊಟ್ಟಿ ಮನುಷ್ಯ ಎಂದರಂತೆ. ಈ ಸುದ್ದಿಯನ್ನು ಮನೆಗೆ ತಂದವಳು ತ್ರಿಶಲಾ. ರೊಟ್ಟಿ ಹಾಕುತ್ತ, “ವ್ಯಾಪಾರಿ ಬೀಮ ಕೊಡೂದ ನಿಲ್ಲಸ್ಯಾನಂತ, ಎಲ್ಲಿಂದ ಕಟ್ಟಬೇಕ ಅಂವ? ಆ ಗುರಪ್ಪ ಒಂದ ಸುಳ್ಳ ಆಡಿದ್ದ ನಾ ಕೇಳಿಲ್ಲ. ಯಾವ ಪಾಪಿ ರೊಕ್ಕೋ ಏನೋ, ನಾಶ ಆಗಲಿ” ಎಂದಳು. ಪಾಪಿ ರೊಟ್ಟಿ ಮುರಿದುಕೊಂಡು ತಿಂದರು.

ಸಾವಿರ ರೂಪಾಯಿಯ ತುಣುಕು! ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಹೋದದ್ದು ತಮ್ಮ ಮಾನವಲ್ಲ, ಗುರಪ್ಪನದು. ಅದು ತಿರುಗಿ ಬರಬೇಕಾದರೆ ತಮ್ಮ ಬಾಯಿಯಿಂದಲೇ ಬರಬೇಕು. ಬಾಯಿ ತೆರೆಯಲು ನಾಚಿಕೆ. ಆ್ಯಪು ತೆರೆದು ಈ ಸಾಲವನ್ನಾದರೂ ಬಿಟ್ಟುಬಿಡೋಣವೆಂದು ಹುಡುಕಿದರು. ಬಿಗಿ ಮಾಡುವುದಕ್ಕೆ ಗುಂಡಿ ಇತ್ತು, ಬಿಡುವುದಕ್ಕೆ ಎಲ್ಲಿಯೂ ಇರಲಿಲ್ಲ.

ಅಷ್ಟರಲ್ಲಿ ದಶಲಕ್ಷಣ ಪರ್ವ ಬಂತು. ಹತ್ತು ದಿನ ಬಸದಿಯಲ್ಲಿ ದಿನಕ್ಕೊಂದು ಧರ್ಮದ ಪ್ರವಚನ. ಬಾಪುಸಾಹೇಬರು ಎಲ್ಲದಕ್ಕೂ ಹೋದರು; ಉತ್ತಮ ಸತ್ಯದ ದಿನ ಮಾತ್ರ ತಲೆನೋವೆಂದು ಮಲಗಿದರು. ಪರ್ವ ಮುಗಿದ ಮೇಲೆ ಕ್ಷಮಾವಣಿ, ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ. ಹಿಂದೆಲ್ಲ ಮನೆಮನೆಗೆ ಹೋಗಿ ಕೈಮುಗಿಯುತ್ತಿದ್ದರು. ಈಗ ಫೋನಿನಲ್ಲಿಯೇ ಆಗುತ್ತದೆ. ಬಾಪುಸಾಹೇಬರೂ ಯಾರೋ ಕಳಿಸಿದ್ದನ್ನು ತಮ್ಮ ಫೋನಿನಲ್ಲಿದ್ದ ಎಲ್ಲರಿಗೂ ಕಳಿಸಿಬಿಟ್ಟರು: ಉತ್ತಮ ಕ್ಷಮಾ. ತಿಳಿದೋ ತಿಳಿಯದೆಯೋ ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಿರಿ.

ಎಲ್ಲರಿಂದಲೂ ಕೈಮುಗಿದ ಚಿತ್ರಗಳು ಬಂದವು. ಗುರಪ್ಪನಿಂದ ಮಾತೇ ಬಂತು. ಅವನಿಗೆ ಬರೆಯುವುದು ಕಷ್ಟ, ಮಾತಾಡಿ ಕಳಿಸಿದ್ದ.

“ಅಣ್ಣಾರ, ನಿಮ್ಮಿಂದ ನನಗ ಏನ್ ತಪ್ಪ ಆಗೇತ್ರಿ? ತಪ್ಪಾಗಿದ್ದು ನನ್ನಿಂದ. ಕೇಳಲಾರದ ನಿಮ್ಮ ಹೆಸರ ಬರಸಿದ್ನಿ. ಆ ಹುಡುಗೋರು, ಮಗದುಮ್ಮರು ನಿನ್ನ ಗುರ್ತಿಲ್ಲ ಅಂದಾರ ಅಂದ್ರು. ರಾಂಗ್ ನಂಬರ ಹಚ್ಚೀರಿ, ನಮ್ಮ ಅಣ್ಣಾರು ಹಂಗ ಅನ್ನವರಲ್ಲ ಅಂತ ನಾನೂ ಅವರ ಜೋಡಿ ಜಗಳಾ ಮಾಡೇನ್ರಿ. ಊರಾಗೂ ಎಲ್ಲಾರಿಗೂ ಹಂಗ ಹೇಳೇನಿ. ತಪ್ಪ ತಿಳಕೋಬ್ಯಾಡ್ರಿ.”

ಬಾಪುಸಾಹೇಬರು ಅದನ್ನು ಎರಡನೆಯ ಸಲ ಕೇಳಲಾರದೆ ಹೋದರು. ಕಪಾಳಕ್ಕೆ ಹೊಡೆಸಿಕೊಂಡಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಒಳಗೆ ಹೋಗಿ ತ್ರಿಶಲಾಳನ್ನು ಕೂರಿಸಿ ಎಲ್ಲವನ್ನೂ ಹೇಳಿದರು: ಬ್ಯಾಂಕಿನಲ್ಲಿ ಇಲ್ಲದ ಹಣ, ಆ್ಯಪು, ಗುರಪ್ಪನ ನಂಬರು, ಗುರ್ತಿಲ್ಲ ಎಂದದ್ದು. ಆಕೆ ಹಣದ ಬಗ್ಗೆ ಒಂದು ಮಾತೂ ಕೇಳಲಿಲ್ಲ. “ಬಾಜೂಕ ಕುಂತ ಬಟಾಣಿ ಸುಲೀತಿದ್ನಿ. ನನ್ನ ಮುಂದನ ಹಂಗ ಅಂದ್ರೇನ?” ಎಂದಳು. ಪೆಟ್ಟಿಗೆಯಿಂದ ತನ್ನ ಉಳಿತಾಯದ ಇಪ್ಪತ್ತೈದು ಸಾವಿರ ತೆಗೆದು ಅವರ ಮುಂದಿಟ್ಟು ಎದ್ದುಹೋದಳು.

ಸಂಜೆಯ ಬಿಸಿಲಿರುವಾಗಲೇ ಅವರು ಗುರಪ್ಪನ ಶೆಡ್ಡಿಗೆ ಹೋದರು. ಮಗ್ಗ ನಿಂತಿದ್ದವು. ಗುರಪ್ಪ ಸುಮ್ಮನೆ ಅವುಗಳ ಧೂಳು ಒರೆಸುತ್ತಿದ್ದ. ಅವನ ಹೆಂಡತಿ ನೀಲಮ ಗಡಬಡಿಸಿ ಕುರ್ಚಿ ತಂದಿಟ್ಟಳು. ಬಾಪುಸಾಹೇಬರು ಕೂರಲಿಲ್ಲ.

“ಅದು ರಾಂಗ್ ನಂಬರಲ್ಲೋ ಗುರಪ್ಪ” ಎಂದರು. “ಫೋನ ನನಗ ಬಂದಿತ್ತು. ಗುರ್ತಿಲ್ಲ ಅಂತ ನಾನ ಅಂದ್ನಿ.”

ಗುರಪ್ಪನ ಕೈಯೊಳಗಿನ ಅರಿವೆ ನಿಂತಿತು. ಬಾಪುಸಾಹೇಬರು ಅಲ್ಲಿಗೇ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಆ ಸಾಲದಲ್ಲಿ ತಮ್ಮ ಸಾವಿರ ಇದ್ದದ್ದನ್ನೂ, ಬಿಗಿ ವಸೂಲಿಗೆ ತಾವೇ ಒತ್ತಿದ್ದನ್ನೂ ಹೇಳಿದರು.

ನೀಲಮ ಬಾಗಿಲಲ್ಲೇ ನಿಂತು ಕೇಳಿದಳು. “ಹಂಗಾದ್ರ ಈಗ ಕ್ಷಮಾ ಕೇಳಾಕ ಬಂದೀರೋ, ರೊಕ್ಕ ಕೇಳಾಕ ಬಂದೀರೋ?”

ಅವರು ಹಣ ಹೊರತೆಗೆದರು. “ಕೊಡಾಕ ಬಂದೇನವ್ವಾ. ಕೈಗಡ ಅಂತ ತಿಳೀರಿ. ಬಡ್ಡಿ ಇಲ್ಲ, ಏನಿಲ್ಲ.”

ಗುರಪ್ಪ ಮುಟ್ಟಲಿಲ್ಲ. “ಇರಲಿ ಬಿಡ್ರಿ. ಬೀಮ ಬಂದ್ರ ನೇಯ್ದ ಮುಟ್ಟಸತೇನಿ” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಬಾಪುಸಾಹೇಬರಿಗೆ ಹಗುರಾಗುತ್ತಿತ್ತು.

ಅವರು ಎರಡೂ ಕೈ ಜೋಡಿಸಿದರು. ವಯಸ್ಸಿನಲ್ಲಿ ಕಿರಿಯವನ ಮುಂದೆ, ತಮ್ಮ ಮಗ್ಗದಲ್ಲಿ ದುಡಿದವನ ಮುಂದೆ. “ತಿಳಿಲಾರದ ಮಾಡಿದ್ದಲ್ಲೋ, ತಿಳದ ಮಾಡೇನಿ. ಕ್ಷಮಾ ಮಾಡು.”

ಗುರಪ್ಪ ಕೈಯೊಳಗಿನ ಅರಿವೆಯನ್ನು ಮಗ್ಗದ ಮೇಲೆ ಹಾಕಿದ. ಆಮೇಲೆ ಶೆಡ್ಡಿನ ಹೊರಗೆ ಇಣುಕಿ ಹೊತ್ತು ನೋಡಿದ. ಕುರ್ಚಿಯನ್ನು ತಾನೇ ಒರೆಸಿ ಅವರ ಕಡೆ ಸರಿಸಿದ.

“ಕ್ಷಮಾದ ಮಾತೊಂದ ಬಿಟ್ಟು ಬ್ಯಾರೆ ಏನರ ಕೇಳ್ರಿ ಅಣ್ಣಾರ. ಕುಂದರ್ರಿ. ಹೊತ್ತಿನ್ನೂ ಮುಳಗಿಲ್ಲ, ಚಾ ಕುಡದ ಹೋಗ್ರಿ.”

ಬಾಪುಸಾಹೇಬರು ಕೂತರು. ಚಹಾ ಬಂತು. ಇಷ್ಟು ವರ್ಷ ಊರಿಗೆಲ್ಲ ಕುಡಿಸಿದ್ದನ್ನು ತಲೆ ತಗ್ಗಿಸಿಕೊಂಡು ಪೂರ್ತಿ ಕುಡಿದರು.