ಮನೆ ವಿಷಯ ಬೇಡ

ಸೈನ್ಯದ ಸಿಗ್ನಲ್ಸ್ ವಿಭಾಗದಿಂದ ನಿವೃತ್ತರಾದ ಕೂಸಪ್ಪ ಮಾವ ಶ್ರೀಮಂಗಲದ ಮನೆಯಿಂದಲೇ ದೇಶವಿದೇಶಗಳ ಹವ್ಯಾಸಿಗಳು ರೇಡಿಯೊದಲ್ಲೇ ಸೇರಿ ಮಾತಾಡುವ ಕೂಟವೊಂದನ್ನು ನಡೆಸುತ್ತಿದ್ದರು. ನಮ್ಮಲ್ಲಿ ಬೆಳಿಗ್ಗೆ ಹತ್ತಾದರೆ ನೈರೋಬಿಯಲ್ಲಿ ಏಳೂವರೆ, ಸಿಂಗಾಪುರದಲ್ಲಿ ಮಧ್ಯಾಹ್ನ. ಯಾರ ಸರದಿ ಯಾವಾಗ ಎಂಬ ಪಟ್ಟಿ ಅಡುಗೆಮನೆಯ ಗೋಡೆಯಲ್ಲಿತ್ತು. ಮಾವ ಮರೆತರೆ ಪೊನ್ನಮ್ಮತ್ತೆ ಒಲೆಯ ಮುಂದಿನಿಂದಲೇ, "ಸಿಂಗಾಪುರಕ್ಕೆ ಹೊತ್ತಾತ್," ಎಂದು ಕೂಗುತ್ತಿದ್ದರು.

ಸರದಿಯವರಿಗೆ ಸಂಬಳವಿಲ್ಲ, ಕೆಲಸ ಒಂದೇ: ಮಾತು ರೇಡಿಯೊ ಬಿಟ್ಟು ಮನೆ ವಿಷಯಕ್ಕಿಳಿದರೆ ತಡೆಯುವುದು. ಅದು ಮಾವನೇ ಮಾಡಿದ ನಿಯಮ. ನೈರೋಬಿಯ ಪಟೇಲ್ ತನಗೆ ಮಗಳು ಹುಟ್ಟಿದ್ದನ್ನು ಹೇಳಹೊರಟಾಗಲೂ ಮಾವ ಅರ್ಧಕ್ಕೇ ತಡೆದಿದ್ದರು. ನನಗಂತೂ ಆ ನಿಯಮ ಕಂಡರೆ ಆಗುತ್ತಿರಲಿಲ್ಲ.

೧೯೬೪ರಲ್ಲಿ ಪೊನ್ನಮ್ಮತ್ತೆ ತೀರಿಕೊಂಡರು. ತಿಥಿ ಕಳೆದ ಮರುದಿನ ಮಾವ ಮೈಕಿನ ಮುಂದೆ ಕೂತರು. ಅಂದು ಕೂಟ ಕಾಯುವ ಸರದಿ ಪಟೇಲರದು.

"ನನ್ನ ಹೆಂಡತಿ..." ಎಂದು ಮಾವ ಇಂಗ್ಲಿಷಿನಲ್ಲಿ ಶುರುಮಾಡಿದರು.

"ಸರ್, ಮನೆ ವಿಷಯ ಬೇಡ," ಎಂದು ಪಟೇಲ್ ವಿನಯದಿಂದಲೇ ತಡೆದರು. ಪಾಪ, ಅವರಿಗೆ ಹೇಗೆ ಗೊತ್ತಾಗಬೇಕು?

"ಹೇಳಿ ಮಾವ, ಹೇಳಿಬಿಡಿ," ಎಂದೆ.

"ಅಂವ ಮಾಡಿದ್ ಸರಿಯೇ," ಎಂದು ಮಾವ ನನ್ನನ್ನು ಸುಮ್ಮನಿರಿಸಿದರು. ಆಮೇಲೆ ಮೈಕಿಗೆ ಬಾಗಿ ಹೇಳಿದರು: "ನಿಮ್ಮ ದನಿ ಚೆನ್ನಾಗಿ ಕೇಳಿಸ್ತಿದೆ, ಪಟೇಲ್."