ಮದುವೆ ಮನೆಯ ಗೋಡೆಗೆ ಎಕ್ಕೆ

ನನ್ನ ತಮ್ಮ ಚಿತ್ರ ಬರೆಯುವವನು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಮೀಸೆ ಮೂಡುವ ಮೊದಲೇ ಶಿರಹಟ್ಟಿ ಬಿಟ್ಟು ಕಾರವಾರ ಸೇರಿದ. ಅಲ್ಲಿ ದೋಣಿಗಳಿಗೆ ಬಣ್ಣ ಬಳಿಯುತ್ತ ಸಮುದ್ರದ ಹುಚ್ಚು ಹಿಡಿಸಿಕೊಂಡ. ತಲೆ ಬೆಳ್ಳಗಾದ ಮೇಲೆ ಒಂದು ಟ್ರಂಕು, ಕುಂಚದ ಕಟ್ಟು ತಂದು ನನ್ನ ಮನೆಯಲ್ಲೇ ಕುಳಿತ. ಬರೆದರೆ ಸಮುದ್ರ, ಇಲ್ಲವಾದರೆ ದಾರಿ ಬದಿಯ ಕಾಡುಹೂವು. ತಂಗಡಿ, ಉಮ್ಮತ್ತಿ, ಹೀಗೆ ಯಾರೂ ಮುಡಿಯದ ಹೂವೇ ಬೇಕು ಅವನಿಗೆ. ವಿಷದ ಉಮ್ಮತ್ತಿಯನ್ನು ತಂದು ನಾನು ನೀರು ಕುಡಿಯುವ ತಂಬಿಗೆಯಲ್ಲೇ ಇಡುತ್ತಿದ್ದ. ನಾನು ತಿಪ್ಪೆಗೆ ಎಸೆದರೆ ಮರುದಿನ ಇನ್ನೊಂದು ತರುತ್ತಿದ್ದ.

ಹೋದ ವರ್ಷ ಮೊಮ್ಮಗಳ ಮದುವೆ ಗೊತ್ತಾಯಿತು. ಗಂಡು ಮುಂಡರಗಿ ಕಡೆಯ ಹೊಳೆದಂಡೆಯ ಊರಿನವನು. ಒಬ್ಬನೇ ಮಗ, ನೀರಾವರಿ ಹೊಲ. ಅದಕ್ಕೂ ಮೊದಲು ಬಂದ ಗಂಡುಗಳೆಲ್ಲ ಹುಡುಗಿಯನ್ನು ನೋಡಿ, ಅವಲಕ್ಕಿ ತಿಂದು, ಸುದ್ದಿ ಇಲ್ಲದೆ ಹೋಗಿದ್ದರು. ಇದೂ ತಪ್ಪಿದರೆ ಜನ ಹುಡುಗಿಯಲ್ಲೇ ಐಬು ಹುಡುಕುತ್ತಾರೆಂದು ನನ್ನ ಮಗ ಹೆದರಿ ಸೊರಗಿದ್ದ. ಏನೇ ಆದರೂ ಈ ಮದುವೆ ನಿಲ್ಲಬಾರದು. ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಮದುವೆ ಮನೆಗೆ ಸುಣ್ಣ ಬಳಿದು, ಮುಂದಿನ ಗೋಡೆಗೆ ಬಾಳೆಗಿಡ, ಕಳಸ, ಗಿಳಿ ಬರೆಸಿ, ನಡುವೆ ಗಂಡು ಹೆಣ್ಣಿನ ಹೆಸರು ಹಾಕಿಸುವುದು ನಮ್ಮಲ್ಲಿ ರೂಢಿ. ಈಗ ಬಹಳ ಮಂದಿ ಫ್ಲೆಕ್ಸ್ ಕಟ್ಟಿ ಕೈ ತೊಳೆದುಕೊಳ್ಳುತ್ತಾರೆ. ಮೊಮ್ಮಗಳು ಮಾತ್ರ ನನ್ನ ತಮ್ಮನ ಕಡೆ ಕೈ ತೋರಿಸಿ “ಅಜ್ಜನ ಬರೀಲಿ” ಎಂದು ಹಟ ಹಿಡಿದಳು. ನಾನು ಬೇಡವೆಂದೆ. ನನ್ನ ಮಾತು ಯಾರಿಗೆ ಬೇಕು?

ತಮ್ಮ ಬಿಸಿಲೆಂದು ತಾಡಪಾಲು ಕಟ್ಟಿಕೊಂಡು ಅದರ ಹಿಂದೆ ಕುಳಿತು ಬರೆದ. ಬೀಗರು ಬರುವ ದಿನ ಬೆಳಿಗ್ಗೆ ತಾಡಪಾಲು ಬಿಚ್ಚಿದ. ಗೋಡೆ ತುಂಬ ನೀಲಿ ನೀರು. ನೀರಿನ ಮೇಲೆ ಇಬ್ಬರ ಹೆಸರು. ಕೆಳಗೆ ಮರಳು. ಬಾಗಿಲ ಎರಡೂ ಬದಿಗೆ ಆಳೆತ್ತರದ ಎಕ್ಕೆಗಿಡ, ಗೊಂಚಲು ಗೊಂಚಲು ಹೂವು.

“ಏನಲೇ ಇದು?”

“ಸಮುದ್ರ, ಅಕ್ಕಾ.”

“ನಳಕ್ಕ ನೀರು ಬಂದ್ರ ಇಲ್ಲಿ ಹಬ್ಬ ಮಾಡ್ತೀವಿ, ನೀ ಗ್ವಾಡಿ ತುಂಬ ಸಮುದ್ರ ತಂದಿ. ಅದು ಹಾಳಾಗಿ ಹೋಗ್ಲಿ. ಎಕ್ಕಿ ಯಾಕ ಬರದಿ?”

“ಅಲ್ಲಿ ಉಸುಕಿನ ದಂಡಿಗೂ ಎಕ್ಕಿ ಬೆಳಿತೈತಿ. ನಮ್ಮೂರಂಗ ಇದ್ದದ್ದು ಅದೊಂದ. ಅದನ್ನ ನೋಡಕೋತ ಅಷ್ಟು ವರ್ಷ ಕಳದೆ.”

“ಮದುವಿ ಮನಿ ಬಾಗಲಾಗ ಎಕ್ಕಿ ಬರದ್ರ ಮಂದಿ ಏನಂತಾರ ಗೊತ್ತೈತೇನ?”

ಗೊತ್ತಿರಲಿಲ್ಲ. ಮದುವೆಯೇ ಆಗದವನಿಗೆ ಏನು ಗೊತ್ತಿರುತ್ತದೆ? ಎರಡು ಸಲ ಮದುವೆಯಾದವನು ಮೂರನೆಯದಕ್ಕೆ ಹೊರಟರೆ ಮೊದಲು ಎಕ್ಕೆಗಿಡಕ್ಕೆ ತಾಳಿ ಕಟ್ಟಿಸುತ್ತಾರೆ. ಮೂರನೆಯದರ ಕೇಡು ಗಿಡಕ್ಕೆ ತಗಲಲಿ ಎಂದು. ಗಂಡಿನ ಹೆಸರಿನ ಪಕ್ಕ ಎಕ್ಕೆ ಬರೆದರೆ, ಇವನಿಗೆ ಇದು ಮೂರನೆಯ ಮದುವೆ ಎಂದು ಊರಿಗೆ ಸಾರಿದ ಹಾಗೆ.

ಸುಣ್ಣದ ಬಕೆಟ್ ತಾ ಎಂದು ಸೊಸೆಯನ್ನು ಕೂಗುವಷ್ಟರಲ್ಲಿ ಬೀಗರ ಗಾಡಿ ಬಂದೇಬಿಟ್ಟಿತು. ಮೊದಲು ಇಳಿದವನು ಗಂಡಿನ ಸೋದರಮಾವ. ಗೋಡೆ ನೋಡಿದವನೇ ಮುಖ ಗಂಟಿಕ್ಕಿದ.

“ಯಾರು ಬರದದ್ದಿದು?”

“ನನ್ನ ತಮ್ಮ. ತಲಿ ಸರಿ ಇಲ್ಲ ಅವಂಗ. ಈಗ ಸುಣ್ಣ ಹೊಡಸ್ತೀನಿ. ಒಳಗ ಬರ್ರಿ, ಚಾ ಕುಡೀರಿ,” ಎಂದೆ.

“ಚಾ ಆಮ್ಯಾಲೆ. ನಮ್ಮ ಹುಡುಗನ ಖಬರ ಏನರ ಸಿಕ್ಕಿದ್ರ ಮನ್ಯಾಗ ಕುಂತು ಕೇಳಬೇಕ್ರಿ. ಹಿಂಗ ಗ್ವಾಡಿಗೆ ಬರದು ಊರಿಗೆಲ್ಲ ತೋರಸ್ತಾರೇನು?”

ಗಂಡಿನ ತಾಯಿ ಹಿಂದಿನಿಂದ ಅವನ ಅಂಗಿ ಜಗ್ಗಿದಳು. “ಸುಮ್ಮನಿರೋ ಅಣ್ಣಾ.”

“ನೀ ಸುಮ್ಮನಿರು! ಮೂರನೇದಂತ ಮೂರನೇದು! ಸುಳ್ಳ್ಯಾಕ ಬರೀಬೇಕು? ಇದು ಎರಡನೇದು. ಮೊದಲಿನಾಕಿ ಬಿಟ್ಟು ಹೋಗಿ ಸೋಡಚೀಟಿ ಆಗೇತಿ, ಹಿರಿಯರ ಮುಂದ!”

ನಮಗೆ ಹೇಳಿದ್ದು ಇದೇ ಮೊದಲನೆಯದೆಂದು. ಏನು ಆಡಿದೆನೆಂದು ಅವನಿಗೆ ಆಮೇಲೆ ಹೊಳೆಯಿತು. ಟವೆಲಿನಿಂದ ಮುಖ ಒರೆಸಿಕೊಂಡ.

“ಒಳಗ ಬರ್ರಿ ಅಂದಿದ್ದೆ,” ಎಂದೆ. “ಈಗ ಬ್ಯಾಡ. ಅಲ್ಲೇ ನಿಂದರ್ರಿ.”

ಮಗ ನನ್ನನ್ನು ಬದಿಗೆ ಎಳೆದ. “ಯವ್ವಾ, ಎರಡನೇದಾದ್ರ ಏನಾತು? ಕಾರ್ಡು ಹಂಚೀವಿ.”

“ಹಂಗಾದ್ರ ನೀನ ಮಾಡ್ಕೋ ಅವನ್ನ.”

ಮೊಮ್ಮಗಳು ಎಲ್ಲ ಕೇಳಿಸಿಕೊಂಡು ಹೊರಗೆ ಬಂದಿದ್ದಳು. ಗಂಡಿನ ತಾಯಿಯ ಎದುರು ನಿಂತು ಕೇಳಿದಳು, “ಆಕಿ ಯಾಕ ಬಿಟ್ಟು ಹೋದ್ಲು?”

ಆ ಹೆಂಗಸು ಸೆರಗು ಎಳೆದುಕೊಂಡು ಗಾಡಿಯ ಕಡೆ ತಿರುಗಿದಳು.

“ಹಂಗಾರ ಹೋಗಿ ಬರ್ರಿ,” ಎಂದಳು ಮೊಮ್ಮಗಳು.

ಗಾಡಿ ತಿರುಗಿ ಹೋಯಿತು. ಮಗ ತಲೆಯ ಮೇಲೆ ಕೈ ಹೊತ್ತು ಕುಳಿತ. ತಮ್ಮನ ಮುಖ ಮಾತ್ರ ಅರಳಿತ್ತು.

“ನನ್ನ ಎಕ್ಕಿ ಹುಡುಗೀನ ಉಳಿಸ್ತು ನೋಡಕ್ಕಾ.”

“ಬಾಯಿ ಮುಚ್ಚಲೇ. ತಿಳದು ಬರದಿದ್ರ ಶಾಬಾಸ್ ಅಂತಿದ್ದೆ. ಗ್ವಾಡಿಗೆಲ್ಲ ಸುಣ್ಣ ಹೊಡಿ, ನಡಿ.”

ಮೊಮ್ಮಗಳು ಬಿಡಲಿಲ್ಲ. “ಅವನ ಹೆಸರಷ್ಟ ಅಳಸ್ರಿ ಅಜ್ಜಾ. ನಂದು ಇರ್ಲಿ.” ತಾನೇ ಬಣ್ಣದ ಡಬ್ಬಿ ಹಿಡಿದು ನಿಂತಳು. ತಮ್ಮ ಗಂಡಿನ ಹೆಸರಿನ ಮೇಲೆ ನೀಲಿ ನೀರು ಬರೆದ.

ಮಗ ಇಂದಿಗೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಬಿಡಲಿ. ದಾರಿಯಲ್ಲಿ ಹೋಗುವವರು ನಿಂತು ಗೋಡೆಯ ಫೋಟೋ ಹೊಡೆದುಕೊಳ್ಳುತ್ತಾರೆ. ಚೆಂದ ಇದೆ ಅನ್ನುತ್ತಾರೆ. ಏನು ಚೆಂದ? ಹೆಸರು ಅಳಿಸಿದ ಕಡೆ ನೀಲಿ ದಪ್ಪಗಾಗಿದೆ, ದೂರದಿಂದಲೇ ಕಾಣುತ್ತದೆ. ಜೀವಮಾನವೆಲ್ಲ ಬರೆದೂ ಬಣ್ಣ ಸಮನಾಗಿ ಬಳಿಯಲು ಬರುವುದಿಲ್ಲ ಅವನಿಗೆ.